ಡಿವೋರ್ಸ್ ಅರ್ಜಿ ನೀವೇ ಹಾಕಿ, ಆದರೆ ಮಕ್ಕಳ ಪುಟ ಕಾಪಿ ಹೊಡೆಯಬೇಡಿ

ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಇದೇ ಪ್ರಶ್ನೆ ವರ್ಷಗಳಿಂದ ಬರುತ್ತಿದೆ. ಪ್ರತಿ ಸಲವೂ ಜನ ತಪ್ಪು ಭಾಗಕ್ಕೆ ಹೆದರುತ್ತಾರೆ, ಹೆದರಬೇಕಾದ ಭಾಗವನ್ನು ಓದದೆ ಸಹಿ ಹಾಕುತ್ತಾರೆ.

ಪ್ರಶ್ನೆ: ಮೇಡಂ, ನಮ್ಮ ಮದುವೆಯಾಗಿ 11 ವರ್ಷ. ಎರಡು ವರ್ಷದಿಂದ ಬೇರೆ ಬೇರೆ ಇದ್ದೇವೆ. ಜಗಳ ಇಲ್ಲ, ಇಬ್ಬರಿಗೂ ಒಪ್ಪಿಗೆ ಇದೆ. ಮಗಳಿಗೆ 9, ಮಗನಿಗೆ 4. ಮಕ್ಕಳು ನನ್ನ ಜೊತೆಗಿದ್ದಾರೆ. ನನ್ನ ಯಜಮಾನರಿಗೆ ಒಕ್ಕದ (ಕೊಡವ ಮನೆತನದ) ಜಮ್ಮಾ ತೋಟ, ಅಂದರೆ ತಲೆಮಾರಿನಿಂದ ಬಂದ ಮನೆತನದ ಜಮೀನು ಇದೆ, ನನಗೆ ಸಣ್ಣ ಕೆಲಸ. ಮಗನ ಹೆಸರಿಗೆ ಎರಡು ಎಕರೆ ಕಾಫಿ ಬರೆದುಕೊಡುತ್ತೇನೆ, ಕಾಫಿಗೆ ಬೆಲೆ ಬಂದಾಗ ದುಡ್ಡು ಕೊಡುತ್ತೇನೆ ಅಂದಿದ್ದಾರೆ. ವಕೀಲರಿಲ್ಲದೆ ನಾವೇ ಅರ್ಜಿ ಹಾಕಬಹುದಾ? (ಗೋಣಿಕೊಪ್ಪದ ಓದುಗರು)

ಉತ್ತರ: ಹಾಕಬಹುದು. ನಾನೇ ವಕೀಲೆ, ಆದರೂ ಹೇಳುತ್ತಿದ್ದೇನೆ, ಹಾಕಬಹುದು. ನಮ್ಮ ಕೇಸು ನಾವೇ ನಡೆಸುತ್ತೇವೆ ಅನ್ನುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಂತೂ ವಕೀಲರನ್ನು ಇಟ್ಟುಕೊಳ್ಳುವುದೇ ಹಕ್ಕಲ್ಲ ಅನ್ನುತ್ತದೆ. ಇಬ್ಬರೂ ಒಪ್ಪಿ ಪಡೆಯುವ ಡಿವೋರ್ಸ್‌ಗೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಕೇಳುವುದು ಮೂರೇ ಮಾತು: ಒಂದು ವರ್ಷ ಬೇರೆ ಇದ್ದೀರಿ, ಒಟ್ಟಿಗೆ ಬಾಳಲು ಆಗುತ್ತಿಲ್ಲ, ಇಬ್ಬರೂ ಒಪ್ಪಿದ್ದೀರಿ. ಮದುವೆಯ ದಾಖಲೆ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಫೋಟೋ, ಒಪ್ಪಂದ ಪತ್ರ, ಅಫಿಡವಿಟ್ (ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ), ಇವುಗಳ ಜೊತೆಗೆ ಅರ್ಜಿ. ಮದುವೆ ರಿಜಿಸ್ಟರ್ ಆಗಿಲ್ಲ ಅಂತ ಗಾಬರಿ ಬೇಡ, ಲಗ್ನಪತ್ರಿಕೆ ಮತ್ತು ಮದುವೆ ಫೋಟೋ ಹುಡುಕಿ. ಮದುವೆ ನಡೆದ ಊರು, ಕೊನೆಗೆ ಒಟ್ಟಿಗೆ ಇದ್ದ ಊರು, ಹೆಂಡತಿ ಈಗ ಇರುವ ಊರು, ಈ ಮೂರರಲ್ಲಿ ಒಂದಕ್ಕೆ ಸೇರಿದ ಕೋರ್ಟಲ್ಲಿ ಹಾಕಬಹುದು. ಅದು ಮಡಿಕೇರಿಯಾ ವಿರಾಜಪೇಟೆಯಾ ಅನ್ನುವುದನ್ನು ಕೋರ್ಟ್ ಕಚೇರಿಯ ಫೈಲಿಂಗ್ ಕೌಂಟರ್‌ನಲ್ಲಿ ಕೇಳಿ, ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೇಳಬೇಡಿ.

ಇಲ್ಲಿಗೆ ಸುಲಭದ ಭಾಗ ಮುಗಿಯಿತು. ನನಗೆ ಸಿಟ್ಟು ಬರುವುದು ಇದರ ನಂತರ.

ಟೈಪಿಂಗ್ ಅಂಗಡಿಗಳಲ್ಲಿ ಒಂದು ಒಪ್ಪಂದ ಪತ್ರ ಓಡಾಡುತ್ತದೆ. ಹೆಸರು, ತಾರೀಕು ಬದಲಾಯಿಸಿ ಅದನ್ನೇ ಎಲ್ಲರಿಗೂ ಕೊಡುತ್ತಾರೆ. ಅದರಲ್ಲಿ ಮಕ್ಕಳ ಬಗ್ಗೆ ಎರಡೇ ಸಾಲು: 'ಮಕ್ಕಳು ತಾಯಿಯ ಬಳಿ ಇರತಕ್ಕದ್ದು. ತಂದೆಯು ಪರಸ್ಪರ ಅನುಕೂಲದಂತೆ ಭೇಟಿ ಮಾಡತಕ್ಕದ್ದು.' ಪರಸ್ಪರ ಅನುಕೂಲ ಇದ್ದಿದ್ದರೆ ನೀವು ಕೋರ್ಟಿಗೆ ಯಾಕೆ ಬರುತ್ತಿದ್ದಿರಿ? ಈಗ ಜಗಳ ಇಲ್ಲ, ಸರಿ. ನಾಳೆ ಒಬ್ಬರಿಗೆ ಮರುಮದುವೆ ಆಗುತ್ತದೆ, ಇನ್ನೊಬ್ಬರಿಗೆ ಬೆಂಗಳೂರಿಗೆ ವರ್ಗ ಆಗುತ್ತದೆ, ಆಗ ಈ ಎರಡು ಸಾಲು ಹಿಡಿದುಕೊಂಡು ಯಾವ ಜಡ್ಜ್ ಹತ್ತಿರ ಏನು ಕೇಳುತ್ತೀರಿ?

ವಾರ, ಗಂಟೆ, ಜಾಗ ಬರೆಯಿರಿ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ಕರೆದುಕೊಂಡು ಹೋಗಿ ಭಾನುವಾರ ಸಂಜೆ 5ಕ್ಕೆ ಬಿಡುವುದು, ಎಲ್ಲಿ, ಯಾರು ಬರುತ್ತಾರೆ, ಹೀಗೆ. ಬೇಸಿಗೆ ರಜೆ, ದಸರಾ ರಜೆ ಅರ್ಧ ಅರ್ಧವಾ, ಬರೆಯಿರಿ. ನಮ್ಮ ಕೊಡಗಿನಲ್ಲಿ ಇನ್ನೂ ಒಂದಿದೆ, ಮಳೆ. ಜುಲೈಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆದರೆ ಆ ಶನಿವಾರ ಹೋಯಿತಾ, ಮುಂದಿನ ವಾರಕ್ಕೆ ಬಂತಾ? ಇದೇನು ಹುಡುಗಾಟ ಅಂತ ನಗಬೇಡಿ. ಇದೇ ವಿಷಯಕ್ಕೆ ಕಿತ್ತಾಡಿ ಒಂದೂವರೆ ವರ್ಷ ಮಾತು ಬಿಟ್ಟ ಇಬ್ಬರನ್ನು ನಾನು ಎದುರುಬದುರು ಕೂರಿಸಿ ಮಾತಾಡಿಸಿದ್ದೇನೆ. ಹಬ್ಬವೂ ಹಾಗೇ. ಪುತ್ತರಿಯ (ಸುಗ್ಗಿ ಹಬ್ಬದ) ದಿನ ಕದಿರು ತೆಗೆಯುವ ಹೊತ್ತಿಗೆ ಮೊಮ್ಮಕ್ಕಳು ಒಕ್ಕದ ಮೂಲಮನೆ ಐನ್‌ಮನೆಯಲ್ಲಿ ಇರಬೇಕು ಅಂತ ಅಜ್ಜ ಹಟ ಹಿಡಿಯುತ್ತಾರೆ, ಅದು ತಪ್ಪೂ ಅಲ್ಲ. ಪುತ್ತರಿ ಅಪ್ಪನ ಕಡೆ ಆದರೆ ಕೈಲ್‌ಪೊಳ್ದ್ ಅಮ್ಮನ ಕಡೆ, ಕಾವೇರಿ ಸಂಕ್ರಮಣ ಒಂದು ವರ್ಷ ಬಿಟ್ಟು ಒಂದು ವರ್ಷ, ಹೀಗೆ ಈಗಲೇ ಹಂಚಿಕೊಳ್ಳಿ.

ಇನ್ನು ದುಡ್ಡು. 'ಬೆಲೆ ಬಂದಾಗ ಕೊಡುತ್ತೇನೆ' ಅನ್ನುವ ಮಾತನ್ನು ಆ ಕಾಗದದಿಂದ ಇವತ್ತೇ ಹೊಡೆದು ಹಾಕಿ. ಕಾಫಿ ಬೆಳೆಗಾರರಿಗೆ ಬೆಲೆ ಬಂತು ಅಂತ ಅನಿಸಿದ ದಿನವನ್ನು ನಾನಿನ್ನೂ ನೋಡಿಲ್ಲ. ಅವರ ಕಷ್ಟವೂ ನಿಜ. ಅರೇಬಿಕಾ, ರೊಬಸ್ಟಾ ಎರಡೂ ಕುಯ್ಲು ಆಗಿ ಕೈಗೆ ದುಡ್ಡು ಬರುವುದು ವರ್ಷಕ್ಕೆ ಒಂದು ಸಲ. ತಿಂಗಳಿಗೆ ಇಷ್ಟು ಸಾವಿರ ಅಂತ ದೊಡ್ಡ ಮೊತ್ತ ಬರೆಸಿಕೊಂಡರೆ ಮಳೆಗಾಲದಲ್ಲಿ ನಿಂತೇ ಹೋಗುತ್ತದೆ, ಆಮೇಲೆ ನೀವು ವಸೂಲಿಗೆ ಕೋರ್ಟ್ ಮೆಟ್ಟಿಲು ಹತ್ತಬೇಕು. ಅದರ ಬದಲು ತಿಂಗಳಿಗೆ ಒಂದು ಚಿಕ್ಕ ಮೊತ್ತ, ಮಾರ್ಚ್ ಕೊನೆಯೊಳಗೆ ಒಂದು ದೊಡ್ಡ ಕಂತು, ಶಾಲೆಯ ಫೀಸು ನೇರ ಶಾಲೆಗೆ. ಎಲ್ಲವೂ ಬ್ಯಾಂಕ್ ಮೂಲಕ. ಎರಡು ವರ್ಷಕ್ಕೊಮ್ಮೆ ಶೇಕಡಾ ಎಷ್ಟು ಜಾಸ್ತಿ ಅನ್ನುವುದೂ ಇರಲಿ. ಇವತ್ತಿನ ಎಲ್‌ಕೆಜಿ ಫೀಸಿನ ಲೆಕ್ಕದಲ್ಲಿ ಮೈಸೂರಿನ ಹಾಸ್ಟೆಲ್ ಆಗುವುದಿಲ್ಲ.

ಆ ಎರಡು ಎಕರೆ. ಅಮ್ಮಾ, ಜಮ್ಮಾ ಜಮೀನು ಭಾಗ ಆಗಿದೆಯಾ? ಆರ್‌ಟಿಸಿ ತೆಗೆಸಿ ನೋಡಿದ್ದೀರಾ? ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು, ಜೊತೆಗೆ ಒಕ್ಕದ ಹತ್ತಾರು ಜನರ ಹೆಸರು ಇದ್ದರೆ ನಿಮ್ಮ ಯಜಮಾನರು ಕೊಡುತ್ತೇನೆ ಅಂದ ಎರಡು ಎಕರೆ ಯಾವ ಗುಡ್ಡದ ಯಾವ ಮೂಲೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಭಾಗ ಆಗದ ಆಸ್ತಿಯ ಭರವಸೆ ನಂಬಿ ಜೀವನಾಂಶ ಬಿಟ್ಟುಕೊಟ್ಟವರ ಕಥೆ ನನ್ನ ಹತ್ತಿರ ಬೇಕಾದಷ್ಟಿದೆ. ಜಮೀನು ಅವರ ಸ್ವಂತದ್ದೇ ಆಗಿದ್ದರೆ ಎರಡನೇ ಹಾಜರಿಗೆ (ಕೋರ್ಟಿನಲ್ಲಿ ಮತ್ತೊಮ್ಮೆ ಒಪ್ಪಿಗೆ ಹೇಳುವ ದಿನಕ್ಕೆ) ಮೊದಲು ದಾನಪತ್ರ ರಿಜಿಸ್ಟರ್ ಆಗಲಿ. ಒಪ್ಪಂದದಲ್ಲಿ ಬರೆದ ಮಾತ್ರಕ್ಕೆ ಜಮೀನು ಕೈ ಬದಲಾಗುವುದಿಲ್ಲ. ಮತ್ತೆ, ಮಗನಿಗೆ ಮಾತ್ರ ಯಾಕೆ? ಮಗಳು ಯಾರ ಮಗಳು?

ಪಾಸ್‌ಪೋರ್ಟ್, ಶಾಲೆ ಬದಲಾವಣೆ, ಆಪರೇಷನ್‌ಗೆ ಒಪ್ಪಿಗೆ, ಇವಕ್ಕೆ ಯಾರ ಸಹಿ ಸಾಕು ಅನ್ನುವುದನ್ನೂ ಬರೆಯಿರಿ. ಈಗ ಒಂದು ಸಾಲು, ಆಮೇಲೆ ಒಂದು ಕೇಸು.

ಕಾಯುವ ಅವಧಿ. ಅರ್ಜಿ ಹಾಕಿದ ದಿನದಿಂದ ಎರಡನೇ ಹಾಜರಿಗೆ ಕನಿಷ್ಠ 6 ತಿಂಗಳು, ಹೆಚ್ಚೆಂದರೆ 18 ತಿಂಗಳು ಅಂತ ಕಾಯ್ದೆ ಹೇಳುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಈ 6 ತಿಂಗಳನ್ನು ಮನ್ನಾ ಮಾಡಬಹುದು ಅಂದಿತು. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿ ಪ್ರಯತ್ನ ಮುಗಿದು, ಮಕ್ಕಳದ್ದೂ ದುಡ್ಡಿನದೂ ತೀರ್ಮಾನ ಆಗಿದ್ದರೆ ಕೇಳಬಹುದು. ನೀವು ಎರಡು ವರ್ಷ ಬೇರೆ ಇದ್ದೀರಿ, ಕೇಳುವ ಅವಕಾಶ ಇದೆ. ಆದರೆ ನನ್ನನ್ನು ಕೇಳಿದರೆ ಕೇಳಬೇಡಿ ಅನ್ನುತ್ತೇನೆ. ಮಕ್ಕಳಿರುವವರಿಗೆ ಆ ಆರು ತಿಂಗಳು ಒಳ್ಳೆಯ ರಿಹರ್ಸಲ್. ಬರೆದ ವೇಳಾಪಟ್ಟಿ ನಡೆಸಿ ನೋಡಿ. ಮೂರನೇ ತಿಂಗಳಿಗೇ ದುಡ್ಡು ನಿಂತರೆ ಎರಡನೇ ಹಾಜರಿಯ ದಿನ ಜಡ್ಜ್ ಮುಂದೆ ಬಾಯಿ ಬಿಟ್ಟು ಹೇಳಿ. ಆಗ ಕಾಗದ ತಿದ್ದುವುದು ಸುಲಭ, ಡಿಕ್ರಿ (ಕೋರ್ಟಿನ ಕೊನೆಯ ಆದೇಶ) ಆದ ಮೇಲೆ ಕಷ್ಟ. ಬೇರೆ ವಕೀಲರು ಇದಕ್ಕೆ ಒಪ್ಪದೆ ಇರಬಹುದು. ಇರಲಿ.

ಕೊನೆಯದಾಗಿ, ಪೂರ್ತಿ ಕೇಸಿಗೆ ವಕೀಲರು ಬೇಡ, ಆದರೆ ಆ ಒಪ್ಪಂದ ಪತ್ರವನ್ನು ಒಬ್ಬರಿಗೆ ತೋರಿಸದೆ ಸಹಿ ಹಾಕಬೇಡಿ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಕಾನೂನು ನೆರವಿನ ಸಹಾಯವಾಣಿ 15100. ಉಚಿತ ಅಂದರೆ ಬಡವರಿಗೆ, ನಮಗೆ ಮರ್ಯಾದೆ ಪ್ರಶ್ನೆ ಅಂತ ಯಾರೋ ಹೇಳಿದರಂತೆ. ಮರ್ಯಾದೆ ಇಟ್ಟುಕೊಂಡು ಮಗಳ ಫೀಸು ಕಟ್ಟಲು ಆಗುತ್ತದಾ?

ಉಳಿದವು, ಬೇಗ ಬೇಗ.

ಎರಡೂ ಕಡೆಯ ಅರುವರು (ಮನೆತನದ ಪರವಾಗಿ ನಿಲ್ಲುವ ಹಿರಿಯರು) ಕೂತು ಸ್ಟಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದ್ದೇವೆ. ಸಾಕಲ್ವಾ? ಸಾಲದು. ರೂಢಿಯ ವಿಚ್ಛೇದನವನ್ನು ಕಾಯ್ದೆ ಉಳಿಸಿದೆ ನಿಜ, ಆದರೆ ಆ ರೂಢಿ ಇದೆ ಅಂತ ಸಾಬೀತು ಮಾಡುವ ಹೊಣೆ ನಿಮ್ಮದು. ಆ ಕಾಗದ ನಂಬಿ ಇನ್ನೊಂದು ಮದುವೆ ಆದರೆ ಅದು ಅಪರಾಧವಾಗಿ ಕುತ್ತಿಗೆಗೆ ಬರಬಹುದು.

ಒಬ್ಬರು 15 ದಿನದಲ್ಲಿ ಡಿವೋರ್ಸ್ ಮಾಡಿಸಿಕೊಡುತ್ತೇನೆ ಅಂತ ಅಡ್ವಾನ್ಸ್ ಕೇಳುತ್ತಿದ್ದಾರೆ, ಕೊಡಲಾ? ಕೊಡಬೇಡಿ. ಕೊಟ್ಟಿದ್ದರೆ ಪೊಲೀಸ್ ಠಾಣೆಗೆ ಹೋಗಿ, ನನಗೆ ಬರೆಯಬೇಡಿ.

ಅವಳು ಜೀವನಾಂಶ ಬೇಡ ಅಂತ ಬರೆದುಕೊಟ್ಟಿದ್ದಾಳೆ. ಮಕ್ಕಳಿಗೂ ಕೊಡಬೇಕಾಗಿಲ್ಲ ಅಲ್ವಾ? ಮಕ್ಕಳ ಹಕ್ಕನ್ನು ಬಿಟ್ಟುಕೊಡಲು ಅವಳು ಯಾರು? ಕೊಡಬೇಕು.

ಒಂದೇ ಮನೆಯಲ್ಲಿ ಮೇಲೆ ಕೆಳಗೆ ಇದ್ದೇವೆ. ಬೇರೆ ಇದ್ದ ಹಾಗೆ ಆಗುತ್ತದಾ? ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೆ ಆಗುತ್ತದೆ. 1991ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು.

ನಾವು ಕ್ರೈಸ್ತರು. ಚರ್ಚ್ ಮದುವೆ ರದ್ದು ಮಾಡಿದೆ, ಸಾಕಲ್ವಾ? ಅದು ಚರ್ಚಿಗೆ ಸಾಕು, ಕಾನೂನಿಗೆ ಸಾಲದು. ಕೋರ್ಟ್ ಡಿಕ್ರಿ ಬೇಕು.

ಡಿಕ್ರಿ ಮುಂದಿನ ವಾರ ಬರುತ್ತದೆ. ಅದರ ಮುಂದಿನ ಭಾನುವಾರಕ್ಕೆ ಕಲ್ಯಾಣ ಮಂಟಪ ಬುಕ್ ಆಗಿದೆ, ತೊಂದರೆ ಇದೆಯಾ? ಒಪ್ಪಿಗೆಯ ಡಿಕ್ರಿಗೆ ಅಪೀಲು ಇಲ್ಲ, ಕಾಯಬೇಕಾಗಿಲ್ಲ ಅನ್ನುವ ವಾದ ಇದೆ. ಆ ವಾದ ನಂಬಿ ನಾನು ಯಾರನ್ನೂ ಮಂಟಪಕ್ಕೆ ಕಳಿಸುವುದಿಲ್ಲ. ಅಪೀಲಿನ 90 ದಿನ ಕಳೆಯಲಿ, ಡಿಕ್ರಿಯ ಪ್ರಮಾಣಿತ ನಕಲು ಕೈಗೆ ಬರಲಿ. ಮಂಟಪದವರಿಗೆ ಫೋನ್ ಮಾಡಿ ತಾರೀಕು ಮುಂದೆ ಹಾಕಿಸಿ.