ಒಂದೇ ಸ್ವರದ ಬೇಸರ

ಪ್ರಶ್ನೆ: ಇಂಗ್ಲಿಷ್ ರಾಕ್ ತಂಡ ರೇಡಿಯೋಹೆಡ್‌ನ ‘ಕ್ರೀಪ್’ ಹಾಡನ್ನು ಗಿಟಾರ್‌ನಲ್ಲಿ ಕಲಿಯುತ್ತಿದ್ದೇನೆ. ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸರ್, ಆದರೆ ನಾನು ನುಡಿಸಿದರೆ ಆ ನೋವು ಬರುವುದೇ ಇಲ್ಲ. ಯಾಕೆ?

ಉತ್ತರ: ನೀವು ಬಿ ಮತ್ತು ಸಿ ಮೈನರ್ ಹೊತ್ತಿಗೆ ಬೆರಳು ಹುಡುಕುತ್ತಿರುತ್ತೀರಿ, ಅಲ್ವಾ? 1992ರ ಈ ಹಾಡಿನ ಜೀವ ಅಲ್ಲೇ ಇದೆ. ಜಿ, ಬಿ, ಸಿ, ಸಿ ಮೈನರ್. ಜಿಯನ್ನು ಷಡ್ಜ ಅಂದುಕೊಳ್ಳಿ. ಒಳಗೊಂದು ಎಳೆ ಓಡುತ್ತದೆ: ಪಂಚಮ, ಕೋಮಲ ಧೈವತ, ಶುದ್ಧ ಧೈವತ, ಮತ್ತೆ ಕೋಮಲ, ಮತ್ತೆ ಪಂಚಮ. ಹತ್ತುವಾಗ ಆಸೆ, ಇಳಿಯುವಾಗ ಸೋಲು. ಮೊದಲು ಗಿಟಾರ್ ಕೆಳಗಿಟ್ಟು ಇದನ್ನೇ ಗುನುಗಿ.

ಬಿಗೆ ಬಾರೆ (ಒಂದೇ ಬೆರಳಿಂದ ಹಲವು ತಂತಿ ಒತ್ತುವುದು) ಹಿಡಿಯಲು ಕಷ್ಟವಾದರೆ ಬಿ7 ಸಾಕು. ಸಿ ಮೈನರ್‌ಗೆ ಸಣ್ಣ ಮೂರು ತಂತಿ ಮಾತ್ರ: ಜಿ ತಂತಿಯ 5ನೇ, ಬಿಯ 4ನೇ, ತುದಿಯ ಇ ತಂತಿಯ 3ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ). ಒಂದೊಂದು ಕಾರ್ಡ್‌ಗೂ ಎಂಟು ಎಣಿಕೆ. ನಾನು ಹುಡುಗನಾಗಿದ್ದಾಗ ಆರಕ್ಕೇ ಜಿಗಿಯುತ್ತಿದ್ದೆ. ಡ್ರಮ್ಮರ್ ಗೆಳೆಯ ಕಡ್ಡಿ ಎಸೆದಿದ್ದ!

ಕೋರಸ್‌ಗೆ (ಪಲ್ಲವಿಗೆ) ಮುಂಚಿನ, ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್‌ರ ‘ಕರ್ರ್’ ಸದ್ದಿಗೆ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿ. ಎಡಗೈಯನ್ನು ತಂತಿಗಳ ಮೇಲೆ ಸುಮ್ನೆ ಇಟ್ಟು, ಬಲಗೈಯಿಂದ ಜೋರಾಗಿ ಬಾರಿಸಿ. ಅಕ್ಕಪಕ್ಕದ ಮನೆಯವರು ಮಲಗುವ ಮುಂಚೆ.