ತಜ್ಞರ ಓಪಿಡಿ ಉಚಿತವಾದರೂ ಬಡ ಮಕ್ಕಳು ಅಲ್ಲಿಗೆ ತಲುಪದಿರುವುದೇಕೆ?

ಶುಲ್ಕ ತೆಗೆದ ಮೇಲೂ ಬಡ ಮನೆಯ ಮಕ್ಕಳು ತಜ್ಞರ ಓಪಿಡಿಗೆ ಕಡಿಮೆ ಬರುವುದೇಕೆ, ಆಸ್ಪತ್ರೆಯ ದಾಖಲೆಯಿಂದ ಅದನ್ನು ಅಳೆಯಬಹುದೇ ಎಂದು ಕೇಳಿದ್ದೀರಿ.

ಶುಲ್ಕ ಒಂದು ಬಾಗಿಲು ಮಾತ್ರ. ಮಗುವಿಗೆ ಏನೋ ತೊಂದರೆಯಿದೆ ಎಂದು ಯಾರಾದರೂ ಗಮನಿಸಬೇಕು. ಮೊದಲು ನೋಡಿದ ವೈದ್ಯರು ತಜ್ಞರಿಗೆ ಚೀಟಿ ಬರೆಯಬೇಕು, ದಿನಾಂಕ ಸಿಗಬೇಕು, ಆ ದಿನ ದೊಡ್ಡವರೊಬ್ಬರು ಕೂಲಿ ಬಿಟ್ಟು ಕರೆದೊಯ್ಯಬೇಕು, ಆಮೇಲೆ ಮರುಭೇಟಿ. ಈ ಐದು ಕಡೆಯೂ 90% ಮಕ್ಕಳು ದಾಟಿದರೆ ಕೊನೆಗೆ ಉಳಿಯುವುದು 59%. 80% ದಾಟಿದರೆ ಬರೀ 33%. ಒಂದೊಂದು ಹಂತದಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ಹೀಗೆ ಬೆಳೆಯುತ್ತದೆ.

ನನ್ನ ಪ್ರಕಾರ ಮಕ್ಕಳು ಹೆಚ್ಚು ಸೋರಿಹೋಗುವುದು ಚೀಟಿ ಮತ್ತು ದಿನಾಂಕದ ಹಂತಗಳಲ್ಲಿ. ಪಟ್ಟುಹಿಡಿದು ಕೇಳುವ ತಂದೆತಾಯಿಗೆ ಚೀಟಿ ಬೇಗ ಸಿಗುತ್ತದೆ. ಒಮ್ಮೆ ದಿನಾಂಕ ತಪ್ಪಿದರೆ ಫೈಲು ಮುಚ್ಚಿ, ಮತ್ತೆ ಮೊದಲಿನಿಂದ ಸರದಿಯಲ್ಲಿ ನಿಲ್ಲಿಸುವ ಪದ್ಧತಿ ಎಷ್ಟೋ ಕಡೆ ಇದೆ. ‘ಬರಲಿಲ್ಲ’ ಎಂದು ಬರೆಯುವುದೂ ಸರಿಯಲ್ಲ. ಮಗು ತಾನಾಗಿ ಬರುವುದಿಲ್ಲವಲ್ಲ. ‘ಕರೆತರಲಿಲ್ಲ’ ಎಂದು ಬರೆದರೆ, ಯಾಕೆ ಎಂದು ಫೋನು ಮಾಡಿ ಕೇಳುವವರು ಹುಟ್ಟುತ್ತಾರೆ.

ತಡವಾದರೆ ಕೆಲವು ಕಾಯಿಲೆ ಕಾಯುವುದಿಲ್ಲ. ಸೋಮಾರಿ ಕಣ್ಣಿಗೆ (ಒಂದು ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯದಿರುವುದು) ಚಿಕಿತ್ಸೆ ಚೆನ್ನಾಗಿ ಹತ್ತುವುದು ಸುಮಾರು 7 ವರ್ಷದೊಳಗೆ. ವೃಷಣ ಕೆಳಗಿಳಿಯದಿದ್ದರೆ 18 ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಹುಟ್ಟು ಕಿವುಡಿಗೆ ಗುರಿ 1-3-6: 1 ತಿಂಗಳೊಳಗೆ ತಪಾಸಣೆ, 3ರೊಳಗೆ ಖಚಿತಪಡಿಸುವುದು, 6ರೊಳಗೆ ಚಿಕಿತ್ಸೆ ಶುರು.

ಇನ್ನು ಅಳತೆ. ಬರೀ ಭೇಟಿಗಳನ್ನು ಎಣಿಸಬೇಡಿ. ಬಡ ಮಕ್ಕಳಲ್ಲಿ ಕಾಯಿಲೆಯೇ ಹೆಚ್ಚಿರುವಾಗ ಭೇಟಿಗಳು ಸಮ ಎಂದರೆ ಅದೇ ಅಸಮಾನತೆ. ಕಡುಬಡವರಿಂದ ಸಿರಿವಂತರವರೆಗೆ ಮಕ್ಕಳನ್ನು ಸಾಲಾಗಿ ಇರಿಸಿ, ವಯಸ್ಸು, ಲಿಂಗ, ಕಾಯಿಲೆಯ ವ್ಯತ್ಯಾಸ ಸರಿಹೊಂದಿಸಿ ಸಾಂದ್ರತಾ ಸೂಚ್ಯಂಕ, ಅಂದರೆ ಭೇಟಿಗಳು ಬಡವರತ್ತ ವಾಲಿವೆಯೋ ಸಿರಿವಂತರತ್ತವೋ ಎಂದು ಹೇಳುವ ಸಂಖ್ಯೆ, ಲೆಕ್ಕಹಾಕಿ. ಅದು -1 ಮತ್ತು +1ರ ನಡುವೆ ಇರುತ್ತದೆ. ಧನಾತ್ಮಕವಾದರೆ ಭೇಟಿಗಳು ಸಿರಿವಂತರತ್ತ ವಾಲಿವೆ ಎಂದರ್ಥ. ಸಾಮಾನ್ಯ ವೈದ್ಯರು, ತಜ್ಞರು, ತುರ್ತು ವಿಭಾಗ ಮೂರನ್ನೂ ಬೇರೆಬೇರೆಯಾಗಿಯೇ ಲೆಕ್ಕಹಾಕಿ. ಒಟ್ಟು ಮಾಡಿದರೆ ಒಂದರ ವಾಲು ಇನ್ನೊಂದರಲ್ಲಿ ಮುಚ್ಚಿಹೋಗುತ್ತದೆ.

ದೊಡ್ಡ ಬಲೆ ಇರುವುದು ‘ಕಾಯಿಲೆ’ ಎಂಬ ಅಂಕಣದಲ್ಲೇ. ಆಟಿಸಂನಂಥವಕ್ಕೆ ಹೆಸರಿಡುವವರು ಬಹುಪಾಲು ತಜ್ಞರೇ. ಅವರ ಬಳಿಗೆ ಹೋಗದ ಮಗು ದಾಖಲೆಯಲ್ಲಿ ಆರೋಗ್ಯವಂತ. ಆದ್ದರಿಂದ ಛೇದಕ್ಕೆ, ಅಂದರೆ ಒಟ್ಟು ಎಷ್ಟು ಮಕ್ಕಳಿಗೆ ತಜ್ಞರು ಬೇಕಿತ್ತು ಎಂಬ ಲೆಕ್ಕಕ್ಕೆ, ಆಸ್ಪತ್ರೆಯ ದಾಖಲೆ ಸಾಲದು, ಶಾಲಾ ತಪಾಸಣೆ ಅಥವಾ ಮನೆಮನೆ ಸಮೀಕ್ಷೆ ಬೇಕು. ಮನೆಯ ಆದಾಯ ಗೊತ್ತಿಲ್ಲದಿದ್ದರೆ ಅದರ ಬದಲು ತಾಯಿಯ ಓದನ್ನು ಬಳಸಬಹುದು.

ಅಷ್ಟೆಲ್ಲ ಆಗದಿದ್ದರೆ, ಚೀಟಿ ಬರೆದ ದಿನದಿಂದ ಮೊದಲ ಭೇಟಿಯವರೆಗೆ ಎಷ್ಟು ದಿನ ಎಂಬುದರ ಮಧ್ಯಾಂಕವನ್ನು (ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಬಡವರು, ಸಿರಿವಂತರು ಎಂದು ಗುಂಪುವಾರು ತೆಗೆಯಿರಿ. ಕೊನೆಗೂ ಬಾರದೇ ಹೋದವರನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಬಡ ಗುಂಪೇ ಬೇಗ ತಲುಪಿದಂತೆ ಕಂಡೀತು.