ಹಳೆಯ ಎರಡು ಪ್ರೊಸೆಸರ್‌ಗಳ ಕಂಪ್ಯೂಟರಿಗೆ ಬೇರೆ ಪ್ರೊಸೆಸರ್ ಹಾಕಿದರೆ ಕೆಲಸ ಬೇಗ ಆಗುತ್ತದೆಯೇ?

ನಿಮ್ಮಲ್ಲಿರುವುದು ಎಚ್‌ಪಿ ಝಡ್600 ಎಂಬ ಹಳೆಯ ಕಂಪ್ಯೂಟರ್, ಒಳಗೆ ಇಂಟೆಲ್‌ನ ಎರಡು ಜಿಯಾನ್ ಇ5520 ಪ್ರೊಸೆಸರ್. ಫೋಟೋಶಾಪಿನಲ್ಲಿ ಆಲ್ಬಂ ಜೋಡಿಸುವಾಗ ಫೈಲ್ ತೆರೆಯಲು, ಉಳಿಸಲು ಕಾಯಬೇಕಾಗಿದೆ, ಅವುಗಳ ಜಾಗಕ್ಕೆ ಎಕ್ಸ್5675 ಪ್ರೊಸೆಸರ್ ಹಾಕಲೇ, ಅದೂ ಈಗ ಒಂದು, ಮುಂದಿನ ತಿಂಗಳು ಇನ್ನೊಂದು ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುವಾಗ ಇದನ್ನು ನಾನೇ ಬರೆದಿದ್ದೆನೇ ಎಂದು ಅನುಮಾನ ಬಂತು.

ನಾನು ಗದಗದವನು. ನಮ್ಮೂರಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ. ಅವರಿಗೆ ಲಗ್ನಪತ್ರಿಕೆ, ಕ್ಯಾಲೆಂಡರ್ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಹುಬ್ಬಳ್ಳಿಯ ಹಳೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಈ ಯಂತ್ರ ಕೊಂಡೆ. ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾ ತಂತ್ರಾಂಶ ತೆವಳುತ್ತಿತ್ತು. ಎರಡು ಎಕ್ಸ್5675 ಎಂದರೆ 12 ಕೋರ್, ಅಂದರೆ ಲೆಕ್ಕ ಮಾಡುವ 12 ಘಟಕ, ಇನ್ನೇನು ಬೇಕು ಎಂದುಕೊಂಡೆ. ಅಂಗಡಿಯವರನ್ನು ಕೇಳಿದರೆ, "ಎರಡಕ್ಕೂ ಸಾಕೆಟ್ ಒಂದೇ ಥರದ್ದಲ್ಲರೀ ಸರ್, ಧೈರ್ಯವಾಗಿ ಹಾಕಿರಿ" ಎಂದರು. ಪ್ರೊಸೆಸರ್ ಕೂರುವ ಸಾಕೆಟ್ ಹಳೆಯದಕ್ಕೂ ಹೊಸದಕ್ಕೂ ಒಂದೇ ಬಗೆಯದು, ಎಲ್‌ಜಿಎ 1366 ಎಂಬುದು. ಅವರು ಸುಳ್ಳು ಹೇಳಲಿಲ್ಲ.

ಹಾಕಿದೆ. ಫ್ಯಾನ್ ಭರ್ರೆಂದಿತು, ಪರದೆ ಕಪ್ಪಾಗಿಯೇ ಉಳಿಯಿತು, ಯಂತ್ರದ ಮುಂಭಾಗದ ಗುಂಡಿಯ ದೀಪ ಕೆಂಪಗೆ ಮಿಟುಕತೊಡಗಿತು. ಪ್ರೊಸೆಸರಿನ ಬಿಸಿ ಸಾಗಿಸುವ ಪೇಸ್ಟ್ ಒರೆಸಿ ಮತ್ತೆ ಹಚ್ಚಿದೆ. ರ್‍ಯಾಮ್ ಕಡ್ಡಿಗಳನ್ನು ಅದಲುಬದಲು ಮಾಡಿದೆ. ಈ ಸಾಕೆಟ್ಟಿನಲ್ಲಿ ಸೂಜಿಗಳಿರುವುದು ಮದರ್‌ಬೋರ್ಡಿನ ಕಡೆಗೆ, ಪ್ರೊಸೆಸರ್ ತಳ ನುಣುಪು. ಯಾವುದಾದರೂ ಸೂಜಿ ಬಾಗಿದೆಯೇ ಎಂದು ಮೊಬೈಲ್ ಬೆಳಕಿನಲ್ಲಿ ಸಾಲುಸಾಲಾಗಿ ನೋಡಿದೆ. ಎಲ್ಲವೂ ನೆಟ್ಟಗಿದ್ದವು. ಸೋತು ಹಳೆಯ ಇ5520ಗಳನ್ನೇ ಕೂರಿಸಿದಾಗ ಯಂತ್ರ ಏನೂ ಆಗದಂತೆ ಎದ್ದಿತು.

ಎಡವಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ. ಆನ್ ಮಾಡುವಾಗ ಎಫ್10 ಒತ್ತಿ ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ ಒಂದೇ ಪರದೆಯಲ್ಲಿ ಎರಡು ದಿನಾಂಕ ಕಾಣುತ್ತವೆ. ಒಂದು ಬಯೋಸ್‌ನದು, ಅಂದರೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶದ್ದು. ಇನ್ನೊಂದು ಬೂಟ್ ಬ್ಲಾಕ್‌ನದು. ನಾನು ಬಯೋಸ್ ಅಪ್‌ಡೇಟ್ ಮಾಡಿದ್ದೆ, ಅದರ ಹೊಸ ದಿನಾಂಕ ನೋಡಿ ಬೋರ್ಡೇ ಹೊಸದಾದಂತೆ ಹಿಗ್ಗಿದ್ದೆ. ಆದರೆ ಬೂಟ್ ಬ್ಲಾಕ್ ಎಂಬುದು ಗುಂಡಿ ಒತ್ತಿದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ ಸಣ್ಣ ಭಾಗ. ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಅಲ್ಲಿ 2009 ಎಂದಿದ್ದರೆ ಅದು ಮೊದಲ ತಲೆಮಾರಿನ ಬೋರ್ಡು: ಇ5520ರಂಥ 5500 ಸರಣಿಯನ್ನಷ್ಟೇ ಬಲ್ಲದು, ಅದರ ನಂತರ ಬಂದ, ಎಕ್ಸ್5675 ಸೇರಿರುವ 5600 ಸರಣಿಯನ್ನು ಗುರುತಿಸುವುದಿಲ್ಲ. 2010 ಎಂದಿದ್ದರೆ ಎರಡೂ ಸರಿ. ನನ್ನದು 2009. ಬಯೋಸ್ ದಿನಾಂಕ ನೋಡಿದ ದಿನವೇ ಕಣ್ಣನ್ನು ಇನ್ನೊಂದು ಸಾಲಿಗೆ ಹೊರಳಿಸಿದ್ದರೆ ದುಡ್ಡು ಉಳಿಯುತ್ತಿತ್ತು. ಪೇಸ್ಟ್ ಹಚ್ಚಿದ ಮಾಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡೂ ನನ್ನ ಮೇಜಿನ ಖಾನೆಯಲ್ಲಿವೆ.

ಇನ್ನು ಒಂದೊಂದಾಗಿ ಹಾಕುವ ಯೋಚನೆಯನ್ನು ಇಲ್ಲಿಗೇ ಕೈಬಿಡಿ. ಎರಡೂ ಒಂದೇ ಮಾದರಿಯವಾಗಿರಬೇಕು. ಹೊಸದೊಂದನ್ನೇ ಹಾಕಿ ಎರಡನೆಯ ಸಾಕೆಟ್ ಖಾಲಿ ಬಿಡುತ್ತೇನೆ ಎಂದರೆ ಅದರ ಪಾಲಿನ ಮೂರು ರ್‍ಯಾಮ್ ಜಾಗಗಳೂ ಸುಮ್ಮನಾಗುತ್ತವೆ, ಏಕೆಂದರೆ ಇಲ್ಲಿ ರ್‍ಯಾಮ್ ನೋಡಿಕೊಳ್ಳುವುದು ಪ್ರೊಸೆಸರೇ.

ಅಷ್ಟಕ್ಕೂ ನಿಮಗೆ ಪ್ರೊಸೆಸರ್ ಯಾಕೆ ಬೇಕು? ಆಲ್ಬಂ ಜೋಡಿಸುವಾಗ ಫೋಟೋಶಾಪ್ ಬಹುಪಾಲು ಸಮಯ ಒಂದೆರಡು ಕೋರ್‌ಗಳನ್ನೇ ದುಡಿಸುತ್ತದೆ, ಉಳಿದ ಹತ್ತು ಮದುವೆಗೆ ಬಂದ ನೆಂಟರಂತೆ ಕುಳಿತಿರುತ್ತವೆ. ಇ5520ರ ವೇಗ ಹೆಚ್ಚೆಂದರೆ 2.53 ಗಿಗಾಹರ್ಟ್ಸ್‌ಗೆ ಏರುತ್ತದೆ, ಎಕ್ಸ್5675 3.46ಕ್ಕೆ. ವ್ಯತ್ಯಾಸ ಇಲ್ಲ ಎನ್ನುವುದಿಲ್ಲ. ಆದರೆ ನೀವೇ ಬರೆದಿರುವಂತೆ ಫೈಲ್ ತೆರೆಯಲು, ಉಳಿಸಲು ಕಾಯುತ್ತಿದ್ದೀರಿ. ಅದು ಹಾರ್ಡ್ ಡಿಸ್ಕಿನ ಕಾಟ. ನಾನು ಕೊನೆಗೆ ಹಾರ್ಡ್ ಡಿಸ್ಕಿಗಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಹೆಚ್ಚಿಸಿದೆ. ಈ ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕ ಸೆಕೆಂಡಿಗೆ 3 ಗಿಗಾಬಿಟ್‌ನ ಹಳೆಯದು, ಎಸ್‌ಎಸ್‌ಡಿಗೆ ಪೂರ್ತಿ ಓಡಲು ಬಿಡುವುದಿಲ್ಲ. ಆದರೂ ಲಗ್ನದ ಹಂಗಾಮಿನಲ್ಲಿ ನನ್ನ ಬೈಗುಳ ಅರ್ಧಕ್ಕಿಳಿಯಿತು. ಹೆಚ್ಚು ದುಡ್ಡು ಇದ್ದರೆ ಅದನ್ನು ಈ ಮುದಿ ಯಂತ್ರಕ್ಕೆ ಸುರಿಯಬೇಡಿ. ಇಂಟೆಲ್‌ನ ಐ3-12100 ಎಂಬ ನಾಲ್ಕೇ ಕೋರಿನ ಸಾಧಾರಣ ಪ್ರೊಸೆಸರಿನ ಒಂದೊಂದು ಕೋರೂ ಎಕ್ಸ್5675ರ ಕೋರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ದುಡಿಯುತ್ತದೆ, ಕರೆಂಟೂ ಕಡಿಮೆ ತಿನ್ನುತ್ತದೆ.

ಇಷ್ಟಾದರೂ ಹಾಕಿಯೇ ತೀರುತ್ತೇನೆ ಎಂದರೆ, ಬೂಟ್ ಬ್ಲಾಕ್ 2010 ಇದ್ದರೆ ಮಾತ್ರ ಎಕ್ಸ್5675 ತನ್ನಿ. 2009 ಇದ್ದರೆ ಎಕ್ಸ್5570 ಸಾಕು, ಅದರ ಮೂಲ ವೇಗವೇ 2.93 ಗಿಗಾಹರ್ಟ್ಸ್. ಯಾರಾದರೂ ಎಕ್ಸ್5690 ಹಾಕಿ ಎಂದು ಹುರಿದುಂಬಿಸಿದರೆ ಕಿವಿಗೊಡಬೇಡಿ. ಅದು 130 ವ್ಯಾಟಿನದು, ಝಡ್600ಕ್ಕೆ ಹೇಳಿರುವುದು ಹೆಚ್ಚೆಂದರೆ 95 ವ್ಯಾಟ್. ಅಂಥ ಎರಡನ್ನು ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಳಿಗೆಯ ಕೋಣೆಯೊಳಗೆ ಓಡಿಸುವುದು ನನ್ನಿಂದಂತೂ ಆಗದು.